ಅಮ್ಮನಿಗೆ ಹಲ್ಲಿನ ಕಾರ್ಡ್ ಕೊಡಿಸಿದ ಪಕ್ಷಕ್ಕೆ ನಾನೇ ಓಟು ಹಾಕಲಿಲ್ಲ

ಸಸ್ಕಟೂನ್‌ವಾಸಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ಪುರುಸೊತ್ತಾದಾಗ ಓದಿ.

ನಮ್ಮಮ್ಮ ಪಿಆರ್ (ಕಾಯಂ ವಾಸದ ಪರವಾನಗಿ) ಸಿಕ್ಕಿ ಅರಸೀಕೆರೆಯಿಂದ ಇಲ್ಲಿ ಕೆನಡಾಕ್ಕೆ ಬಂದು ಮೂರು ವರ್ಷ ಆಯಿತು. ಈಗ 74 ವರ್ಷ. ಬರುವಾಗಲೇ ಕೆಳಗಿನ ಹಲ್ಲುಗಳು ಅಲ್ಲಾಡುತ್ತಿದ್ದವು. ಮೊದಲು ಕಡಲೆಕಾಯಿ ಬಿಟ್ಟರು, ಆಮೇಲೆ ಚಕ್ಕುಲಿ, ಆಮೇಲೆ ರೊಟ್ಟಿ. ಕೊನೆಗೆ ಮುದ್ದೆ ಸಾರು, ಮೊಸರನ್ನ ಅಷ್ಟೇ ಉಳಿಯಿತು. ನನ್ನ ಆಫೀಸಿನ ಇನ್ಶೂರೆನ್ಸ್ ಹೆಂಡತಿ ಮಕ್ಕಳಿಗೆ ಸಿಗುತ್ತದೆ, ಅಮ್ಮನಿಗೆ ಇಲ್ಲ. ಡೆಂಟಿಸ್ಟ್ ಹತ್ತಿರ ಹೋದರೆ ಕೆಲವು ಹಲ್ಲು ಕಿತ್ತು ಸೆಟ್ ಹಾಕಬೇಕು ಅಂದರು. ಕೈಗೆ ಕೊಟ್ಟ ಎಸ್ಟಿಮೇಟ್ ಸಾವಿರಗಳಲ್ಲಿತ್ತು. ಅಮ್ಮ ಕಾರಿನಲ್ಲಿ ಕೂತು ಅದನ್ನು ರೂಪಾಯಿಗೆ ಲೆಕ್ಕ ಹಾಕಿದರು. "ಮುದ್ದೆ ನುಂಗೋಕೆ ಹಲ್ಲು ಯಾಕಪ್ಪ ಬೇಕು, ಬಿಡು" ಅಂದರು. ಆ ಮಾತು ನನ್ನನ್ನು ತುಂಬಾ ದಿನ ಚುಚ್ಚಿತು.

ಆಮೇಲೆ ಸರ್ಕಾರದ ಡೆಂಟಲ್ ಕೇರ್ ಪ್ಲಾನ್ ಬಂತು. ಟ್ಯಾಕ್ಸ್ ಫೈಲ್ ಆಗಿರಬೇಕು, ಬೇರೆ ಡೆಂಟಲ್ ಇನ್ಶೂರೆನ್ಸ್ ಇರಬಾರದು, ಆದಾಯ 90,000 ಡಾಲರ್ ದಾಟಿರಬಾರದು. ಮುಖ್ಯವಾಗಿ ಕೇಳಿದ್ದು ಇಷ್ಟೇ. ಕಾರ್ಡ್ ಮನೆಗೇ ಬಂತು. ಹಲ್ಲು ಕಿತ್ತರು, ಅಳತೆ ತೆಗೆದುಕೊಂಡರು, ಸೆಟ್ ಬಂತು. ನಮ್ಮ ಕೈಯಿಂದ ಹೋಗಿದ್ದು ತುಂಬಾ ಕಡಿಮೆ. ಕಳೆದ ಭಾನುವಾರ ಅಮ್ಮ ಕೋಡುಬಳೆ ಮಾಡಿ, ತಾವೇ ಮೊದಲು ಒಂದು ಕಡಿದು ನೋಡಿದರು. ಆ ಕಟಂ ಅನ್ನುವ ಸದ್ದು ಕೇಳಿ ಮನೆಯವರೆಲ್ಲ ಸುಮ್ಮನೆ ನಿಂತುಬಿಟ್ಟೆವು.

ಈಗ ವಿಷಯಕ್ಕೆ ಬರುತ್ತೇನೆ. ಈ ಪ್ಲಾನ್ ಯಾರ ಮನಸ್ಸು ಕರಗಿಯೂ ಬಂದಿದ್ದಲ್ಲ. 2021ರ ಜೂನ್‌ನಲ್ಲಿ ಎಡಪಂಥದ ಸಣ್ಣ ಪಕ್ಷ ಎನ್‌ಡಿಪಿಯವರು ಇಂಥದ್ದೇ ಪ್ಲಾನ್ ಬೇಕು ಅಂತ ಸಂಸತ್ತಿನಲ್ಲಿ ಕೇಳಿದಾಗ ಆಳುತ್ತಿದ್ದ ಲಿಬರಲ್, ಬಲಪಂಥದ ಕನ್ಸರ್ವೇಟಿವ್ ಎರಡೂ ಕಡೆಯವರು ಸೇರಿ ಸೋಲಿಸಿದ್ದರು. ಅದೇ ವರ್ಷ ಸೆಪ್ಟೆಂಬರ್‌ನ ಚುನಾವಣೆಯಲ್ಲಿ ಲಿಬರಲ್‌ಗೆ ಬಹುಮತ ಬರಲಿಲ್ಲ, ಎನ್‌ಡಿಪಿಗೆ 25 ಸೀಟು ಬಂತು. 2022ರ ಮಾರ್ಚ್‌ನಲ್ಲಿ ಎರಡೂ ಪಕ್ಷಗಳ ನಡುವೆ ಒಪ್ಪಂದ ಆಯಿತು. ನಿಮ್ಮ ಸರ್ಕಾರ ಬೀಳಿಸುವುದಿಲ್ಲ, ಬದಲಿಗೆ ಹಲ್ಲಿನ ಪ್ಲಾನ್, ಔಷಧಿ ಪ್ಲಾನ್, ಮುಷ್ಕರ ನಡೆಯುವಾಗ ಬದಲಿ ಕೆಲಸಗಾರರನ್ನು ತರುವುದಕ್ಕೆ ತಡೆ, ಇವೆಲ್ಲ ಮಾಡಿಕೊಡಿ ಅಂತ. ಒಂಬತ್ತೇ ತಿಂಗಳ ಹಿಂದೆ ಆಗುವುದಿಲ್ಲ ಅಂದವರೇ ಆಗಲಿ ಅಂದರು.

ಇನ್ನು ನಾನು ಏನು ಮಾಡಿದೆ? 2025ರ ಏಪ್ರಿಲ್ 28ಕ್ಕೆ ಲಿಬರಲ್‌ಗೆ ಓಟು ಹಾಕಿದೆ. ಟ್ರಂಪ್ ದಿನಾ ಕೆನಡಾ ಅಮೆರಿಕದ 51ನೇ ರಾಜ್ಯ ಆಗಲಿ ಅನ್ನುತ್ತಿದ್ದರು, ಟ್ಯಾರಿಫ್ ಭಯ, ಕನ್ಸರ್ವೇಟಿವ್ ನಾಯಕ ಪೊಲಿಯೆವ್ ಬಂದರೆ ಈ ಕಾರ್ಡೇ ಉಳಿಯುತ್ತದೋ ಇಲ್ಲವೋ ಅನ್ನುವ ಭಯ. ಎಲ್ಲರೂ ಓಟು ಒಡೆಯಬೇಡಿ ಅಂದರು. ನಾನೂ ಕೇಳಿದೆ. ಆದರೆ ನಮ್ಮ ಸಸ್ಕ್ಯಾಚುವಾನ್‌ನ 14 ಸೀಟಲ್ಲಿ 13 ಕನ್ಸರ್ವೇಟಿವ್‌ಗೇ ಹೋದವು. ಲಿಬರಲ್‌ಗೆ ಸಿಕ್ಕಿದ್ದು ಉತ್ತರದ ಒಂದೇ ಒಂದು. ನನ್ನ ಓಟು ಯಾರನ್ನೂ ತಡೆಯಲಿಲ್ಲ. ಎನ್‌ಡಿಪಿ ದೇಶದಲ್ಲೆಲ್ಲ ಸೇರಿ 7 ಸೀಟಿಗೆ ಇಳಿಯಿತು. ಅದರ ನಾಯಕ ಜಗಮೀತ್ ಸಿಂಗ್ ತಮ್ಮ ಸೀಟೇ ಕಳೆದುಕೊಂಡರು. ಸಂಸತ್ತಿನಲ್ಲಿ ಅಧಿಕೃತ ಪಕ್ಷ ಅನ್ನಿಸಿಕೊಳ್ಳಲು 12 ಸೀಟು ಬೇಕು, ಅದೂ ಇಲ್ಲ.

ಅಮ್ಮ ಕೋಡುಬಳೆ ತಿನ್ನುವುದನ್ನು ನೋಡುವಾಗ ಇದೇ ತಲೆಯಲ್ಲಿ ಓಡುತ್ತಿತ್ತು. ನೀವೆಲ್ಲ ಹೇಗೆ ಹಾಕಿದಿರಿ? ಯಾಕೆ? ಮುಂದಿನ ಸಲ ಏನು ಮಾಡುತ್ತೀರಿ? ನಿಜವಾಗಿ ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಹ್ಯಾಮಿಲ್ಟನ್ ನರ್ಸ್:

ಅಣ್ಣ, ನಿಮ್ಮ ಅಮ್ಮನ ಕೋಡುಬಳೆ ಓದಿ ಕಣ್ಣು ತುಂಬಿತು. ನಾನು ಉಡುಪಿ ಕಡೆಯವಳು, ಇಲ್ಲಿ ಎಮರ್ಜೆನ್ಸಿಯಲ್ಲಿ ಒಂಬತ್ತು ವರ್ಷದಿಂದ ನರ್ಸ್. ಈ ಪ್ಲಾನ್ ಬರುವ ಮೊದಲು ಹಲ್ಲುನೋವಿಗೆ ಅಂತ ರಾತ್ರಿ ಎರಡು ಗಂಟೆಗೆ ಬಂದವರನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. ಕೆನ್ನೆ ಊದಿರುತ್ತದೆ, ಜ್ವರ ಇರುತ್ತದೆ, ಕೆಲವರಿಗೆ ಬಾಯಿ ತೆರೆಯಲೂ ಆಗುವುದಿಲ್ಲ. ನಾವು ಮಾಡುವುದೇನು? ಆಂಟಿಬಯಾಟಿಕ್, ನೋವಿನ ಮಾತ್ರೆ, ಮತ್ತೆ ಡೆಂಟಿಸ್ಟ್ ಹತ್ತಿರ ಹೋಗಿ ಅನ್ನುವ ಮಾತು. ಡೆಂಟಿಸ್ಟ್‌ಗೆ ಕೊಡಲು ದುಡ್ಡಿದ್ದರೆ ಅವರು ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ ಅಲ್ವಾ. ಎರಡು ವಾರ ಕಳೆದರೆ ಅದೇ ಮುಖ ಮತ್ತೆ ಬಾಗಿಲಲ್ಲಿ.

ಕಾಲು ಮುರಿದರೆ ದುಡ್ಡು ಕೇಳದ ದೇಶ, ಹಲ್ಲು ಕೊಳೆತರೆ ಕೇಳುತ್ತಿತ್ತು. ಕಣ್ಣಿನ ಕನ್ನಡಕಕ್ಕೂ, ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಕೊಳ್ಳುವ ಮಾತ್ರೆಗೂ ಈಗಲೂ ಬಹಳ ಜನ ಕೈಯಿಂದಲೇ ಕೊಡುತ್ತಿದ್ದಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಉಳಿಸಿ ಉಳಿಸಿ ಹಾಕಿಕೊಂಡು, ಕೊನೆಗೆ ಪ್ರಜ್ಞೆ ತಪ್ಪಿ ಆಂಬುಲೆನ್ಸ್‌ನಲ್ಲಿ ಬರುವುದನ್ನು ನೋಡಿದ್ದೇನೆ. ಆ ಒಂದು ರಾತ್ರಿಯ ಐಸಿಯು ಖರ್ಚಿನಲ್ಲಿ ಎಷ್ಟು ತಿಂಗಳ ಇನ್ಸುಲಿನ್ ಕೊಡಬಹುದಿತ್ತು!

ಇನ್ನೊಂದು ಮಾತು. ಇರುವುದೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಒಂಟಾರಿಯೊದಲ್ಲಿ 2019ರಲ್ಲಿ ಬಿಲ್ 124 ಅಂತ ಬಂತು. ನರ್ಸ್‌ಗಳು, ಟೀಚರ್‌ಗಳು, ಇಂಥವರ ಸಂಬಳ ಮೂರು ವರ್ಷ ವರ್ಷಕ್ಕೆ ಶೇ. 1ಕ್ಕಿಂತ ಜಾಸ್ತಿ ಏರಬಾರದು ಅಂತ. ನಡುವೆ ಕೋವಿಡ್ ಬಂತು. ಜನ ಬಾಲ್ಕನಿಯಲ್ಲಿ ನಿಂತು ಪಾತ್ರೆ ಬಡಿದರು, ಸಂಬಳ ಮಾತ್ರ ಅಲ್ಲೇ ನಿಂತಿತ್ತು. ನಮ್ಮ ವಾರ್ಡಿನಲ್ಲಿ ಒಳ್ಳೊಳ್ಳೆ ಕೈಗಳು ಬಿಟ್ಟು ಹೋದವು, ಅವರ ಜಾಗಕ್ಕೆ ಏಜೆನ್ಸಿ ನರ್ಸ್‌ಗಳನ್ನು ಜಾಸ್ತಿ ದುಡ್ಡಿಗೆ ಕರೆಸಿದರು. ಕೋರ್ಟು 2022ರಲ್ಲಿ ಆ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು, ಮೇಲಿನ ಕೋರ್ಟೂ 2024ರಲ್ಲಿ ಅದನ್ನೇ ಹೇಳಿತು. ಆದರೆ ಬಿಟ್ಟು ಹೋದವರು ವಾಪಸ್ ಬರಲಿಲ್ಲ. 2023ರಲ್ಲಿ ಬಿಲ್ 60 ಬಂತು. ಕಣ್ಣಿನ ಪೊರೆ, ಮಂಡಿ, ಸೊಂಟದ ಆಪರೇಷನ್‌ಗಳನ್ನು ಲಾಭಕ್ಕೆ ನಡೆಸುವ ಖಾಸಗಿ ಕ್ಲಿನಿಕ್‌ಗಳಿಗೆ ಕೊಡುವ ದಾರಿ ಅದು. ದುಡ್ಡು ಸರ್ಕಾರದ್ದೇ, ಕಾರ್ಡೂ ಅದೇ. ಆದರೆ ಆ ಕ್ಲಿನಿಕ್‌ಗೆ ಬೇಕಾದ ನರ್ಸ್ ಎಲ್ಲಿಂದ ಬರುತ್ತಾಳೆ? ನನ್ನ ಪಕ್ಕದ ಕುರ್ಚಿಯಿಂದಲೇ.

ನಾನು ಎನ್‌ಡಿಪಿಗೇ ಹಾಕಿದೆ. ಹ್ಯಾಮಿಲ್ಟನ್ ಸೆಂಟರ್ ಕೂಡ ಈ ಸಲ ಲಿಬರಲ್‌ಗೆ ಹೋಯಿತು. ಬೇಜಾರಿದೆ, ಪಶ್ಚಾತ್ತಾಪ ಇಲ್ಲ.

ತುಮಕೂರಿನವನು, ಕ್ಯಾಲ್ಗರಿ:

ಸರ್, ನಿಮ್ಮ ತಾಯಿಯವರಿಗೆ ಒಳ್ಳೆಯದಾಗಿದ್ದಕ್ಕೆ ನಿಜವಾಗಿ ಖುಷಿ. ಆದರೆ ಬೇರೆ ಕಡೆಯ ಮಾತೂ ಇರಲಿ.

ನಾನು 2015ರಲ್ಲಿ ಪ್ರಾಂತ್ಯದ ಚುನಾವಣೆಯಲ್ಲಿ ರೇಚಲ್ ನಾಟ್ಲಿಯವರ ಎನ್‌ಡಿಪಿಗೆ ಹಾಕಿದವನು. ಅವರು ಕನಿಷ್ಠ ಕೂಲಿಯನ್ನು 15 ಡಾಲರ್‌ಗೆ ಏರಿಸಿದ್ದು ನನ್ನ ಹೆಂಡತಿಗೆ ಆಗ ಕಿರಾಣಿ ಅಂಗಡಿಯ ಕೆಲಸದಲ್ಲಿ ನೇರವಾಗಿ ಸಿಕ್ಕಿತು. ಅದನ್ನು ಮರೆತಿಲ್ಲ. ಆದರೆ 2025ರಲ್ಲಿ ಕನ್ಸರ್ವೇಟಿವ್‌ಗೆ ಹಾಕಿದೆ. ಮುಚ್ಚಿಡುವುದಿಲ್ಲ. ಬಾಡಿಗೆ ಒಂದೇ ಸಲಕ್ಕೆ ತಿಂಗಳಿಗೆ 400 ಡಾಲರ್ ಏರಿತು. ಆಲ್ಬರ್ಟಾದಲ್ಲಿ ವರ್ಷಕ್ಕೆ ಒಂದೇ ಸಲ ಏರಿಸಬಹುದು, ಎಷ್ಟು ಅನ್ನುವುದಕ್ಕೆ ಮಿತಿಯೇ ಇಲ್ಲ. ದಿನಸಿ ಬಿಲ್ ನೋಡಿದರೆ ಭಯ. ಆ ಎರಡೂವರೆ ವರ್ಷ ಸರ್ಕಾರವನ್ನು ಎತ್ತಿ ಹಿಡಿದಿದ್ದು ಯಾರು? ಎನ್‌ಡಿಪಿಯೇ. ಹಲ್ಲಿನ ಪ್ಲಾನ್ ನಮ್ಮದು ಅನ್ನುವುದಾದರೆ, ಅದೇ ಸರ್ಕಾರದ ಕಾಲದ ಬಾಡಿಗೆಯಲ್ಲೂ ಅವರಿಗೆ ಪಾಲಿದೆ. ನನ್ನಂಥವರಿಗೆ ಮನೆಯ ವಿಷಯಕ್ಕೆ ಗಟ್ಟಿಯಾಗಿ ಮಾತಾಡಿದ್ದು ಪೊಲಿಯೆವ್ ಒಬ್ಬರೇ ಅನ್ನಿಸಿತು. ಅವರು ಹೇಳಿದ ಪರಿಹಾರ ಸರಿಯೋ ತಪ್ಪೋ, ನಮ್ಮ ನೋವನ್ನಾದರೂ ಹೇಳಿದರು.

ಆಯಿಲ್ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸ ನನ್ನದು. ಪೈಪ್‌ಲೈನ್ ಬೇಡ ಅನ್ನುವವರು ನಮ್ಮ ಮುಂದಿನ ಕೆಲಸ ಯಾವುದು ಅಂತ ಒಮ್ಮೆಯೂ ಕೂತು ಹೇಳಿಲ್ಲ.

ಸಸ್ಕಟೂನ್‌ವಾಸಿ:

ತುಮಕೂರಿನವರೇ, ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ, ಥ್ಯಾಂಕ್ಸ್. ನೀವು ಹೇಳಿದ್ದರಲ್ಲಿ ಅರ್ಧ ನಾನೂ ಒಪ್ಪುತ್ತೇನೆ. ವಿಂಡ್ಸರ್ ವೆಸ್ಟ್ ನೋಡಿ. ಕಾರು ಕಾರ್ಖಾನೆಯ ಊರು, 2002ರಿಂದ ಎನ್‌ಡಿಪಿಯದ್ದೇ ಸೀಟು. ಈ ಸಲ ಕನ್ಸರ್ವೇಟಿವ್‌ಗೆ ಹೋಯಿತು. ಲಂಡನ್ ಫ್ಯಾನ್‌ಶಾ ಕೂಡ ಹಾಗೇ. ಕೂಲಿ ಕೆಲಸದವರ ಪಕ್ಷ ಅಂತ ಹೆಸರಿಟ್ಟುಕೊಂಡು ಕೂಲಿ ಕೆಲಸದವರ ಊರನ್ನೇ ಕಳೆದುಕೊಳ್ಳುವುದು ಸಣ್ಣ ವಿಷಯ ಅಲ್ಲ. ಟ್ರಂಪ್ ಭಯ ಒಂದೇ ಕಾರಣ ಅಂತ ನಾವು ಹೇಳಿಕೊಂಡರೆ ನಮಗೆ ನಾವೇ ಸುಳ್ಳು ಹೇಳಿದಂತೆ.

ಬಾಡಿಗೆ ವಿಷಯದಲ್ಲಿ ಮಾತ್ರ ಒಂದು ಮಾತು. ಬಾಡಿಗೆಗೆ ಮಿತಿ ಹಾಕುವ ಅಧಿಕಾರ ಪ್ರಾಂತ್ಯದ್ದು. ಮಿತಿ ಬೇಡ ಅಂತ ಕೂತಿರುವುದು ಎಡ್ಮಂಟನ್‌ನ ಆಲ್ಬರ್ಟಾ ಸರ್ಕಾರ.

ರೆಜೈನಾ ಮೇಷ್ಟ್ರು:

ನಾನು ಧಾರವಾಡದವನು, ಇಲ್ಲಿ 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹಳೆಯ ಕಥೆಯೊಂದರಲ್ಲಿ ಇದೆ. ನಮ್ಮದೇ ಪ್ರಾಂತ್ಯದ ಕಥೆ. ಸಸ್ಕಟೂನ್‌ನಲ್ಲೇ ಇರುವ ಎಷ್ಟೋ ನಮ್ಮವರಿಗೆ ಗೊತ್ತಿಲ್ಲ ಅಂತ ಹೇಳುತ್ತಿದ್ದೇನೆ.

ಮುಂದೆ ಇಲ್ಲಿನ ಮುಖ್ಯಮಂತ್ರಿಯಾದ ಟಾಮಿ ಡಗ್ಲಸ್ ಚಿಕ್ಕವರಿದ್ದಾಗ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ವಿನ್ನಿಪೆಗ್‌ನಲ್ಲಿ ಮನೆಯವರ ಹತ್ತಿರ ದುಡ್ಡಿಲ್ಲ, ಕಾಲು ಕತ್ತರಿಸಬೇಕು ಅನ್ನುವ ಸ್ಥಿತಿ. ಒಬ್ಬ ದೊಡ್ಡ ಸರ್ಜನ್ ತನ್ನ ವಿದ್ಯಾರ್ಥಿಗಳಿಗೆ ತೋರಿಸಿ ಕಲಿಸುವುದಕ್ಕೆ ಈ ಹುಡುಗನನ್ನು ಆರಿಸಿಕೊಂಡು, ದುಡ್ಡಿಲ್ಲದೆ ಆಪರೇಷನ್ ಮಾಡಿದರು. ಕಾಲು ಉಳಿಯಿತು. ಒಂದು ಹುಡುಗನ ಕಾಲು ಉಳಿಯುವುದು ಅದೃಷ್ಟದ ಮೇಲೆ ಯಾಕೆ ನಿಲ್ಲಬೇಕು ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ.

1944ರಲ್ಲಿ ಅವರ ಸಿಸಿಎಫ್ ಪಕ್ಷ ಇಲ್ಲಿ ಗೆದ್ದಿತು, 52ರಲ್ಲಿ 47 ಸೀಟು. ಅದು ಎನ್‌ಡಿಪಿಯ ಹಿಂದಿನ ರೂಪ. ಬಡ ಪ್ರಾಂತ್ಯ, ಬರಗಾಲ ತಿಂದ ಗೋಧಿ ಹೊಲಗಳು, ತಲೆ ಮೇಲೆ ಸಾಲ. ಅವರು ಒಂದೇ ದಿನಕ್ಕೆ ಎಲ್ಲ ಕೊಡಲು ಹೋಗಲಿಲ್ಲ. 1947ರಲ್ಲಿ ಆಸ್ಪತ್ರೆ ಖರ್ಚಿಗೆ ಇನ್ಶೂರೆನ್ಸ್ ತಂದರು. ಡಾಕ್ಟರ್ ಫೀಸಿನ ಸರದಿ ಬರಲು ಇನ್ನೂ 15 ವರ್ಷ ಹಿಡಿಯಿತು. ಅಷ್ಟರಲ್ಲಿ ಬೊಕ್ಕಸ ಗಟ್ಟಿ ಮಾಡಿಕೊಂಡರು. ಕೊಡುವ ಪಕ್ಷಕ್ಕೆ ಲೆಕ್ಕ ಗೊತ್ತಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

1962ರ ಜುಲೈ 1ಕ್ಕೆ ಡಾಕ್ಟರ್ ಫೀಸನ್ನೂ ಸರ್ಕಾರವೇ ಕೊಡುವ ಮೆಡಿಕೇರ್ ಜಾರಿಗೆ ಬಂತು. ಅದೇ ದಿನ ಪ್ರಾಂತ್ಯದ ಬಹುತೇಕ ಡಾಕ್ಟರುಗಳು ಕೆಲಸ ನಿಲ್ಲಿಸಿದರು. 23 ದಿನ! ಮಕ್ಕಳಿರುವ ಮನೆಗಳಲ್ಲಿ ಎಂಥ ಭಯ ಇದ್ದಿರಬೇಕು ಯೋಚಿಸಿ. ನಮ್ಮ ಡಾಕ್ಟರನ್ನು ಉಳಿಸಿ ಅಂತ ಊರೂರಲ್ಲಿ ಸಮಿತಿಗಳು ಎದ್ದವು. ಪತ್ರಿಕೆಗಳು ಸರ್ಕಾರದ ಮೇಲೆ ಬಿದ್ದವು. ಡಗ್ಲಸ್ ಅಷ್ಟರಲ್ಲಿ ಹೊಸ ಎನ್‌ಡಿಪಿಯ ನಾಯಕರಾಗಿ ಕೇಂದ್ರಕ್ಕೆ ಹೋಗಿದ್ದರು, ಜೂನ್‌ನಲ್ಲಿ ರೆಜೈನಾದಲ್ಲೇ ಸೋತಿದ್ದರು. ಇಲ್ಲಿ ಗಟ್ಟಿಯಾಗಿ ನಿಂತವರು ಅವರ ನಂತರ ಮುಖ್ಯಮಂತ್ರಿಯಾದ ವುಡ್ರೋ ಲಾಯ್ಡ್. ಅವರೂ ಮೇಷ್ಟ್ರೇ. ಬ್ರಿಟನ್‌ನಿಂದ ಡಾಕ್ಟರುಗಳನ್ನು ಕರೆಸಿದರು. ಜನ ತಾವೇ ದುಡ್ಡು ಸೇರಿಸಿ ಸಮುದಾಯ ಕ್ಲಿನಿಕ್‌ಗಳನ್ನು ತೆರೆದರು. ಆ ಜುಲೈನಲ್ಲಿ ಶುರುವಾದ ಸಸ್ಕಟೂನ್ ಕಮ್ಯೂನಿಟಿ ಕ್ಲಿನಿಕ್ ಇವತ್ತಿಗೂ ನಡೆಯುತ್ತಿದೆ, ನೀವು ಅದರ ಮುಂದೆಯೇ ಓಡಾಡಿರಬಹುದು. ಮೆಡಿಕೇರ್ ವಿರುದ್ಧ ವಿಧಾನಸಭೆಯ ಮುಂದೆ 40,000 ಜನ ಸೇರಿಸುತ್ತೇವೆ ಅಂದವರಿಗೆ ಸಿಕ್ಕಿದ್ದು ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಜುಲೈ 23ಕ್ಕೆ ಸಸ್ಕಟೂನ್‌ನಲ್ಲೇ ಒಪ್ಪಂದಕ್ಕೆ ಸಹಿ ಬಿತ್ತು.

ಈಗ ಗಮನಿಸಿ. ಇಷ್ಟೆಲ್ಲ ಮಾಡಿದ ಸರ್ಕಾರ 1964ರ ಚುನಾವಣೆಯಲ್ಲಿ ಸೋತಿತು. ಗೆದ್ದ ಲಿಬರಲ್‌ಗಳು ಮೆಡಿಕೇರ್ ತೆಗೆಯುವ ಧೈರ್ಯ ಮಾಡಲಿಲ್ಲ. ಎರಡು ವರ್ಷದಲ್ಲಿ ಜನರಿಗೆ ಅದು ಮನೆಯ ನೀರಿನ ನಲ್ಲಿಯಷ್ಟೇ ಸಹಜ ಆಗಿಹೋಗಿತ್ತು. ಅದೇ ವರ್ಷ ಎಮ್ಮೆಟ್ ಹಾಲ್ ಆಯೋಗ ದೇಶಕ್ಕೆಲ್ಲ ಇದೇ ಬೇಕು ಅಂತ ವರದಿ ಕೊಟ್ಟಿತು. ಆ ಆಯೋಗವನ್ನು ನೇಮಿಸಿದ್ದು ಕನ್ಸರ್ವೇಟಿವ್ ಪ್ರಧಾನಿ ಡೀಫನ್‌ಬೇಕರ್. 1966ರಲ್ಲಿ ಕಾನೂನು ಮಾಡಿದ್ದು ಲಿಬರಲ್ ಪ್ರಧಾನಿ ಪಿಯರ್ಸನ್ ಅವರ ಬಹುಮತ ಇಲ್ಲದ ಸರ್ಕಾರ. ಅವರಿಗೂ ಎನ್‌ಡಿಪಿಯ ಬೆಂಬಲ ಬೇಕಿತ್ತು. 1984ರಲ್ಲಿ ರೋಗಿಯಿಂದ ಮೇಲೆ ದುಡ್ಡು ಕೀಳಬಾರದು ಅನ್ನುವ ಕೆನಡಾ ಹೆಲ್ತ್ ಆ್ಯಕ್ಟ್ ಬಂತು.

ನನ್ನ ವಿದ್ಯಾರ್ಥಿಗಳಿಗೆ ಕೇಳುತ್ತಿದ್ದೆ, 1964ರಲ್ಲಿ ಸಿಸಿಎಫ್ ಸೋತಿತೋ ಗೆದ್ದಿತೋ ಅಂತ. ಪ್ರತಿ ವರ್ಷವೂ ತರಗತಿ ಎರಡಾಗಿ ಒಡೆಯುತ್ತಿತ್ತು.

ಇಬ್ಬರ ಅಮ್ಮ, ಮಿಸ್ಸಿಸಾಗಾ:

ಮೇಷ್ಟ್ರೇ, ಇದನ್ನು ನನ್ನ ಗಂಡನಿಗೂ ಓದಿ ಹೇಳಿದೆ. ನಾವು ಹದಿನೆಂಟು ವರ್ಷದಿಂದ ಇಲ್ಲಿದ್ದೇವೆ, ಒಂದಕ್ಷರ ಗೊತ್ತಿರಲಿಲ್ಲ.

ನನ್ನ ದೊಡ್ಡ ಮಗಳ ಡೇಕೇರ್‌ಗೆ ಕೊಟ್ಟ ದುಡ್ಡಿಗೂ ಚಿಕ್ಕವನಿಗೆ ಕೊಡುತ್ತಿರುವುದಕ್ಕೂ ಅಜಗಜಾಂತರ. ದೊಡ್ಡವಳ ಸಮಯದಲ್ಲಿ ನನ್ನ ಸಂಬಳ ಪೂರ್ತಿ ಅಲ್ಲಿಗೇ ಹೋಗುತ್ತಿತ್ತು, ಅತ್ತೆ ಕೆಲಸ ಬಿಡು ಅಂದಿದ್ದರು. ಈಗ ಒಂಟಾರಿಯೊದಲ್ಲಿ ದಿನಕ್ಕೆ 22 ಡಾಲರ್ ಮಿತಿ. ಕ್ವೆಬೆಕ್‌ನವರು ಇದನ್ನು 1997ರಲ್ಲೇ ದಿನಕ್ಕೆ 5 ಡಾಲರ್‌ಗೆ ಶುರು ಮಾಡಿದ್ದರು. ಉಳಿದ ದೇಶಕ್ಕೆ ಬರಲು 2021ರ ಬಜೆಟ್ ಆಗಬೇಕಾಯಿತು. ನಡುವಿನ 24 ವರ್ಷದಲ್ಲಿ ಕೆಲಸ ಬಿಟ್ಟ ಅಮ್ಮಂದಿರನ್ನು ಯಾರು ಲೆಕ್ಕ ಹಾಕುತ್ತಾರೆ?

ಆದರೆ ನನ್ನ ಸಿಟ್ಟು ಬೇರೆ ಕಡೆ ಇದೆ. ಮೂಲ ಪ್ರಶ್ನೆ ಓಟು ಒಡೆಯುವುದರದ್ದು ಅಲ್ವಾ? ಈ ಲೆಕ್ಕ ನೋಡಿ. 2025ರಲ್ಲಿ ಎನ್‌ಡಿಪಿಗೆ ಸುಮಾರು ಶೇ. 6.3 ಓಟು, ಕ್ವೆಬೆಕ್ ಪ್ರಾಂತ್ಯದಲ್ಲಷ್ಟೇ ನಿಲ್ಲುವ ಬ್ಲಾಕ್ ಕ್ವೆಬೆಕ್ವಾಗೂ ಸುಮಾರು ಶೇ. 6.3. ಎರಡಕ್ಕೂ 12 ಲಕ್ಷ ಚಿಲ್ಲರೆ ಓಟು. ಬ್ಲಾಕ್‌ಗೆ 22 ಸೀಟು, ಎನ್‌ಡಿಪಿಗೆ 7. ಒಂದು ಪಕ್ಷದ ಓಟು ಒಂದೇ ಪ್ರಾಂತ್ಯದಲ್ಲಿ ಗುಂಪಾಗಿದೆ, ಇನ್ನೊಂದರದ್ದು ದೇಶಕ್ಕೆಲ್ಲ ಹರಡಿದೆ, ಅಷ್ಟೇ ವ್ಯತ್ಯಾಸ. 2019 ಮತ್ತು 2021ರಲ್ಲಿ ಕನ್ಸರ್ವೇಟಿವ್‌ಗೆ ಲಿಬರಲ್‌ಗಿಂತ ಜಾಸ್ತಿ ಓಟು ಬಂದಿತ್ತು, ಸೀಟು ಕಡಿಮೆ ಬಂದಿತ್ತು. ಹಾಗಾಗಿ ತುಮಕೂರಿನವರಿಗೂ ಇದರಲ್ಲಿ ಅನ್ಯಾಯ ಆಗಿದೆ, ನನ್ನ ಕಡೆಗೆ ಮಾತ್ರ ಅಲ್ಲ. ನಮಗಿದು ಹೊಸದೂ ಅಲ್ಲ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್‌ಗೆ ಶೇ. 38, ಬಿಜೆಪಿಗೆ ಶೇ. 36 ಓಟು ಬಂದು, 104 ಸೀಟು ಬಿಜೆಪಿಗೆ ಬಂದಿದ್ದು ನೆನಪಿದೆಯಾ? ಅದೇ ಪದ್ಧತಿ ಇಲ್ಲೂ.

ಲಿಬರಲ್ ನಾಯಕ ಜಸ್ಟಿನ್ ಟ್ರುಡೊ 2015ರಲ್ಲಿ ಈ ಪದ್ಧತಿಯ ಕೊನೆಯ ಚುನಾವಣೆ ಇದೇ ಅಂತ ಮಾತು ಕೊಟ್ಟಿದ್ದರು. ನಾನು ಪೌರತ್ವ ಸಿಕ್ಕಿ ಮೊದಲ ಸಲ ಓಟು ಹಾಕಿದ್ದು ಆ ಮಾತಿಗೇ. ಶೇ. 39.5 ಓಟಿಗೆ 338ರಲ್ಲಿ 184 ಸೀಟು ಬಂತು ಅವರಿಗೆ. 2017ರ ಫೆಬ್ರವರಿಯಲ್ಲಿ ಆ ಮಾತು ಬಿಟ್ಟರು. ನನಗೆ ಆವತ್ತು ಆದ ನೋವು ಇನ್ನೂ ಹೋಗಿಲ್ಲ. ಪ್ರತಿ ಚುನಾವಣೆಯಲ್ಲೂ ಭಯಪಟ್ಟು ಓಟು ಹಾಕಿ ಅಂತ ನಮ್ಮನ್ನು ಕೇಳುವವರೇ, ಭಯವಿಲ್ಲದೆ ಹಾಕುವ ಪದ್ಧತಿಯನ್ನು ತರಲಿಲ್ಲ.

ಬ್ರಾಂಪ್ಟನ್ ಹೊಸಬ:

ನನಗೆ ಇಲ್ಲಿ ಓಟೇ ಇಲ್ಲ. ಆದರೂ ಬರೆಯುತ್ತೇನೆ, ನಮ್ಮ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನಮ್ಮ ಜೊತೆ ಯಾರೂ ಮಾತಾಡುವುದಿಲ್ಲ.

2022ರಲ್ಲಿ ಬಂದೆ. ಹಾವೇರಿ ಹತ್ತಿರ ನಮ್ಮೂರು. ಅಪ್ಪ ಎರಡು ಎಕರೆ ಅಡವಿಟ್ಟು ಫೀಸು ಕಟ್ಟಿದರು. ಒಂದು ಬೇಸ್‌ಮೆಂಟ್‌ನಲ್ಲಿ ಆರು ಜನ ಇದ್ದೆವು, ರಾತ್ರಿ ಪಾಳಿಯ ಗೋಡೌನ್ ಕೆಲಸ, ಬೆಳಿಗ್ಗೆ ಕಾಲೇಜು. ಈಗ ಟಿವಿಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಬಾಡಿಗೆ ಏರಿದ್ದು ನಮ್ಮಿಂದ, ಆಸ್ಪತ್ರೆ ತುಂಬಿದ್ದು ನಮ್ಮಿಂದ ಅಂತ ಕೇಳುತ್ತೇನೆ. ನಮ್ಮವರೇ, ಹತ್ತು ವರ್ಷದ ಹಿಂದೆ ಬಂದವರೇ ಅನ್ನುತ್ತಾರೆ. ಅದು ಜಾಸ್ತಿ ನೋಯುತ್ತದೆ.

ಯಾಕೆ ಇಷ್ಟು ಜನ ಬಂದೆವು ಅಂತ ಯಾರಾದರೂ ನೋಡಿದ್ದೀರಾ? ಒಂಟಾರಿಯೊ ಸರ್ಕಾರ 2019ರಲ್ಲಿ ಇಲ್ಲಿನ ಮಕ್ಕಳ ಕಾಲೇಜು ಫೀಸನ್ನು ಶೇ. 10 ಇಳಿಸಿ ಅಲ್ಲೇ ನಿಲ್ಲಿಸಿತು. ಇಲ್ಲಿನ ಮಕ್ಕಳಿಗೆ ಫೀಸು ಕಡಿಮೆ ಆಗಿದ್ದು ಒಳ್ಳೆಯದೇ. ಆದರೆ ಆ ಖೋತಾ ತುಂಬಲು ಸರ್ಕಾರ ತಾನು ದುಡ್ಡು ಕೊಡಲಿಲ್ಲ. ಕಾಲೇಜುಗಳು ಹಲವು ಪಟ್ಟು ಫೀಸು ಕೊಡುವ ನಮ್ಮನ್ನು ಹುಡುಕಿಕೊಂಡು ಬಂದವು, ಏಜೆಂಟರು ಹಳ್ಳಿ ಹಳ್ಳಿಗೆ ಬಂದರು. ಕೋವಿಡ್ ನಂತರ ಅಂಗಡಿ, ಗೋಡೌನ್‌ಗಳಿಗೆ ಕೈ ಸಾಲದಾಗ 2022ರ ನವೆಂಬರ್‌ನಿಂದ ವಾರಕ್ಕೆ 20 ಗಂಟೆಯ ಮಿತಿ ತೆಗೆದು ಎಷ್ಟು ಬೇಕಾದರೂ ದುಡಿಯಿರಿ ಅಂದರು. ಜನರ ಸಿಟ್ಟು ಏರಿದ ಮೇಲೆ 2024ರ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದರು, ದುಡಿಯುವ ಗಂಟೆಗೂ ಮತ್ತೆ ಮಿತಿ ಬಂತು. ಬೇಕಾದಾಗ ಕರೆದರು, ಸಾಕಾದಾಗ ಬೈದರು.

ನನ್ನ ರೂಮ್‌ಮೇಟ್ ಒಬ್ಬನಿಗೆ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಕಟ್ಟಿ ಹಾಕಿದ್ದು. ಹನ್ನೆರಡು ಗಂಟೆ ದುಡಿದು ಎಂಟು ಗಂಟೆಯ ಸಂಬಳ. ಬಿಟ್ಟರೆ ಪರ್ಮಿಟ್ ಹೋಗುತ್ತದೆ, ಆ ಕಾಗದಕ್ಕೇ ಅವನು ಸಾಲ ಮಾಡಿ ದುಡ್ಡು ಕೊಟ್ಟಿದ್ದ. 2023ರಲ್ಲಿ ವಿಶ್ವಸಂಸ್ಥೆಯ ಪರಿಣತರೊಬ್ಬರು ಬಂದು ನೋಡಿ, ಕೆನಡಾದ ಇಂಥ ಪರ್ಮಿಟ್‌ಗಳು ಆಧುನಿಕ ಗುಲಾಮಗಿರಿಗೆ ದಾರಿ ಮಾಡುತ್ತಿವೆ ಅಂತ ಹೇಳಿದ್ದರು. ಆ ಮಾತು ಎರಡು ದಿನ ಸುದ್ದಿಯಲ್ಲಿತ್ತು.

ನಿಮ್ಮ ಎಡದ ಪಕ್ಷಗಳ ಮೇಲೂ ನನಗೆ ದೂರಿದೆ. ಹಲ್ಲಿನ ಪ್ಲಾನ್ ಬಗ್ಗೆ ಮಾತಾಡಿದಷ್ಟು ಗಟ್ಟಿಯಾಗಿ ನಮ್ಮ ಪರ್ಮಿಟ್ ಬಗ್ಗೆ ಮಾತಾಡಿದ್ದು ನಾನು ಕೇಳಲಿಲ್ಲ. ಓಟಿಲ್ಲದವರಲ್ವಾ ನಾವು.

ವ್ಯಾಂಕೂವರ್‌ನ ಹಳಬ:

ತಮ್ಮಾ, ನಿನ್ನ ಮಾತು ಓದಿ ನಿದ್ದೆ ಬರಲಿಲ್ಲ. ನಾನು ಇಲ್ಲಿ ಬಸ್ ಓಡಿಸುತ್ತೇನೆ, ಯೂನಿಯನ್‌ನಲ್ಲಿದ್ದೇನೆ.

ಈ ಊರಿನ ಬಂದರಿಗೆ 1914ರಲ್ಲಿ ಕೋಮಗಾಟ ಮಾರು ಹಡಗು ಬಂದಿತ್ತು, 376 ಜನ, ಹೆಚ್ಚಿನವರು ಪಂಜಾಬಿನವರು. ಎರಡು ತಿಂಗಳು ನೀರಿನ ಮೇಲೆ ನಿಲ್ಲಿಸಿ ವಾಪಸ್ ಅಟ್ಟಿದರು. ಊರಿಂದ ನೇರವಾಗಿ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ ಅನ್ನುವ ನಿಯಮ ಮಾಡಿದ್ದರು, ಭಾರತದಿಂದ ಹಾಗೆ ಬರಲು ದಾರಿಯೇ ಇರಲಿಲ್ಲ. ಇಲ್ಲಿದ್ದ ನಮ್ಮವರಿಗೆ ಓಟು ಸಿಕ್ಕಿದ್ದು 1947ರಲ್ಲಿ. ಅದಕ್ಕೆ ಮೊದಲು, ಓಟಿಲ್ಲದ ಏಷ್ಯಾದವರ ಪರವಾಗಿ ಮಾತಾಡಿದ ಪಕ್ಷ ಸಿಸಿಎಫ್. 1935ರ ಚುನಾವಣೆಯಲ್ಲಿ ಇದನ್ನೇ ಹಿಡಿದುಕೊಂಡು, ಇವರಿಗೆ ಓಟು ಹಾಕಿದರೆ ಚೀನಾ ಜಪಾನ್‌ನವರಿಗೆ ಓಟು ಕೊಟ್ಟಂತೆ ಅಂತ ಲಿಬರಲ್ ಪಕ್ಷ ಇಲ್ಲಿ ಜಾಹೀರಾತು ಕೊಟ್ಟಿತ್ತು. ನಷ್ಟ ಆಗುತ್ತದೆ ಅಂತ ಗೊತ್ತಿದ್ದೂ ಸಿಸಿಎಫ್‌ನವರು ಆ ಮಾತು ಬಿಡಲಿಲ್ಲ. ಹಾಗಾಗಿ ನಿನ್ನ ದೂರು ಸರಿ. ಆ ಪಕ್ಷದ ಹಳೆಯ ಅಳತೆಯಲ್ಲೇ ಈಗಿನವರನ್ನು ಅಳೆಯಬೇಕು.

ತುಮಕೂರಿನವರ ಕೆಲಸದ ಪ್ರಶ್ನೆಗೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಟ್ರಾನ್ಸ್ ಮೌಂಟನ್ ಪೈಪ್‌ಲೈನನ್ನು 2018ರಲ್ಲಿ ಸರ್ಕಾರವೇ 4.5 ಬಿಲಿಯನ್ ಡಾಲರ್‌ಗೆ ಕೊಂಡಿತು, ವಿಸ್ತರಣೆ ಮುಗಿಯುವಷ್ಟರಲ್ಲಿ ಖರ್ಚು 30 ಬಿಲಿಯನ್ ದಾಟಿತು. ಅಷ್ಟು ದುಡ್ಡನ್ನು ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಮುಂದಿನ ಮೂವತ್ತು ವರ್ಷದ ಕೆಲಸ ಕಟ್ಟುವುದಕ್ಕೆ ಹಾಕಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಅದನ್ನು ಕ್ಯಾಲ್ಗರಿಗೆ ಬಂದು ನಿಮ್ಮ ಎದುರು ಕೂತು ಹೇಳಬೇಕು. ಅದು ಆಗಿಲ್ಲ, ಒಪ್ಪುತ್ತೇನೆ.

ಓಟಿಲ್ಲದಿದ್ದರೂ ಬಲ ಇರುತ್ತದೆ ಅನ್ನುವುದಕ್ಕೆ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಫ್ಲೈಟ್ ಅಟೆಂಡೆಂಟ್‌ಗಳು ಮುಷ್ಕರ ಮಾಡಿದರು, 10,000 ಜನ. ವಿಮಾನ ನೆಲದ ಮೇಲಿರುವಾಗ, ಜನರನ್ನು ಹತ್ತಿಸುವಾಗ ಮಾಡುವ ಕೆಲಸಕ್ಕೂ ಸಂಬಳ ಕೊಡಿ ಅಂತ. ಒಂದು ದಿನ ಆಗುವ ಮೊದಲೇ ಮಂತ್ರಿ ಲೇಬರ್ ಕೋಡ್‌ನ 107ನೇ ಸೆಕ್ಷನ್ ತೆಗೆದು ಕೆಲಸಕ್ಕೆ ಹೋಗಿ ಅಂತ ಆಜ್ಞೆ ಕೊಡಿಸಿದರು. 2024ರಲ್ಲಿ ರೈಲಿನವರಿಗೆ, ಬಂದರಿನವರಿಗೆ, ಅಂಚೆಯವರಿಗೆ ಇದನ್ನೇ ಮಾಡಿದ್ದರು. ಈ ಹೆಣ್ಣುಮಕ್ಕಳು, ಹುಡುಗರು ಹೋಗುವುದಿಲ್ಲ ಅಂದರು. ಆಜ್ಞೆ ಮೀರಿ ನಿಂತರು. ಆಗಸ್ಟ್ 19ಕ್ಕೆ ಒಪ್ಪಂದಕ್ಕೆ ಬಂದರು, ನೆಲದ ಮೇಲಿನ ಕೆಲಸಕ್ಕೂ ಸಂಬಳ ಅನ್ನುವುದು ಅದರಲ್ಲಿ ಸೇರಿತು. ಪರ್ಮಿಟ್ ಮೇಲೆ ಇರುವವರೂ ಬಹಳ ಕಡೆ ಯೂನಿಯನ್ ಸೇರಬಹುದು. ನಿನ್ನ ಗೋಡೌನ್‌ನಲ್ಲಿ ಯೂನಿಯನ್ ಇದೆಯಾ? ಇದ್ದರೆ ಹೇಳು, ಇಲ್ಲದಿದ್ದರೂ ಹೇಳು. ನನಗೆ ಮೆಸೇಜ್ ಹಾಕು.

ತುಮಕೂರಿನವನು, ಕ್ಯಾಲ್ಗರಿ:

ಮೇಷ್ಟ್ರ ಪೋಸ್ಟ್ ಎರಡು ಸಲ ಓದಿದೆ. 1964ರ ವಿಷಯ ಗೊತ್ತಿರಲಿಲ್ಲ.

ಒಂದು ನನ್ನ ಊರಿನ ಮಾತು. ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರು 2022ರ ಮೇನಲ್ಲಿ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾವೆಲ್ಲ ಕುಣಿದಿದ್ದೆವು, ಆ ವಿಡಿಯೋವನ್ನು ಅಮ್ಮನಿಗೂ ಕಳಿಸಿದ್ದೆ. 2025ರಲ್ಲಿ ಲಿಬರಲ್ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ, ಅವರದ್ದೇ ನೆಪಿಯನ್ ಕ್ಷೇತ್ರದಲ್ಲಿ ಪಕ್ಷದ ಹೊಸ ನಾಯಕ ಕಾರ್ನಿ ನಿಂತರು. ಆಗಲೂ ನಮ್ಮವರಲ್ಲಿ ಅದೇ ಚರ್ಚೆ, ನಮ್ಮವರಿಗೆ ಹೀಗೆ ಮಾಡಿದರು ಅಂತ. ಈಗ ಯೋಚಿಸಿದರೆ, ನಾನು ಯಾವತ್ತೂ ಅವರು ಯಾವ ಬಿಲ್‌ಗೆ ಹೇಗೆ ಓಟು ಹಾಕಿದರು ಅಂತ ನೋಡಿರಲಿಲ್ಲ. ನನ್ನ ಕ್ಷೇತ್ರದವರದ್ದೂ ನೋಡಿಲ್ಲ. ಇನ್ನು ಮುಂದೆ ನೋಡುತ್ತೇನೆ.

ಇಲ್ಲಿ 2025ರ ಕೊನೆಗೆ ತಂದ ಕಾನೂನಿನಲ್ಲಿ ಡಾಕ್ಟರುಗಳು ಸರ್ಕಾರಿ ಪ್ಲಾನ್‌ನಲ್ಲೂ ಇದ್ದು ಖಾಸಗಿಯಾಗಿಯೂ ದುಡ್ಡು ತೆಗೆದುಕೊಳ್ಳುವ ದಾರಿ ಮಾಡಿದ್ದಾರೆ. ನನ್ನ ಓಟು ಬೇರೆ ಕಡೆ ಇರಬಹುದು, ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನರ್ಸ್ ಮೇಡಂ ಹೇಳಿದ ಪಕ್ಕದ ಕುರ್ಚಿಯ ಮಾತು ನೆನಪಿಟ್ಟುಕೊಂಡಿದ್ದೇನೆ.

ಇಬ್ಬರ ಅಮ್ಮ, ಮಿಸ್ಸಿಸಾಗಾ:

ಸಸ್ಕಟೂನ್ ಅಣ್ಣ, ನಮ್ಮ ಅತ್ತೆಗೂ ಹಲ್ಲಿನ ತೊಂದರೆ ಇದೆ. ಅವರು ಪಿಆರ್, ಆದಾಯ ಏನೂ ಇಲ್ಲ, ನಮ್ಮ ಜೊತೆ ಇದ್ದಾರೆ. ನಮ್ಮಿಬ್ಬರ ಸಂಬಳ ಸೇರಿದರೆ 90,000 ದಾಟುತ್ತದೆ. ಅವರಿಗೆ ಸಿಗುವುದಿಲ್ಲ ಅಂತ ಬಿಟ್ಟಿದ್ದೆ.

ಸಸ್ಕಟೂನ್‌ವಾಸಿ:

ಬಿಡಬೇಡಿ ತಂಗಿ! ಮಗ ಸೊಸೆಯ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ಅವರದ್ದು, ಮಾವ ಇದ್ದರೆ ಅವರದ್ದು, ಅಷ್ಟೇ ನೋಡುತ್ತಾರೆ. ಆದಾಯ ಸೊನ್ನೆ ಇದ್ದರೂ ಟ್ಯಾಕ್ಸ್ ಫೈಲ್ ಮಾಡಲೇಬೇಕು, ಬಹಳ ಜನ ತಪ್ಪುವುದು ಅಲ್ಲೇ. ಕಾರ್ಡ್ ಬಂದ ಮೇಲೆ ಡೆಂಟಿಸ್ಟ್ ಹತ್ತಿರ ಹೋಗುವ ಮೊದಲೇ ಫೋನ್ ಮಾಡಿ ಎರಡು ಮಾತು ಕೇಳಿ, ಈ ಪ್ಲಾನ್ ತೆಗೆದುಕೊಳ್ಳುತ್ತೀರಾ, ಪ್ಲಾನ್ ಕೊಡುವುದಕ್ಕಿಂತ ಮೇಲೆ ನಾವೆಷ್ಟು ಕೊಡಬೇಕಾಗುತ್ತದೆ ಅಂತ. ಸೆಟ್‌ನಂಥ ಕೆಲವಕ್ಕೆ ಮೊದಲೇ ಒಪ್ಪಿಗೆ ಬೇಕಾಗಬಹುದು, ಅದನ್ನು ಡೆಂಟಿಸ್ಟ್ ಆಫೀಸಿನವರೇ ಕಳಿಸುತ್ತಾರೆ. ಪ್ರತಿ ವರ್ಷ ರಿನ್ಯೂ ಮಾಡಬೇಕು, ಜೂನ್ ಕೊನೆಗೆ ಹಳೆಯದು ಮುಗಿಯುತ್ತದೆ.

ಔಷಧಿ ಪ್ಲಾನ್ ಬಗ್ಗೆ ನರ್ಸ್ ಅಕ್ಕ ಹೇಳಿದರಲ್ಲ. 2024ರ ಅಕ್ಟೋಬರ್‌ನಲ್ಲಿ ಕಾನೂನು ಆಯಿತು, ಸಕ್ಕರೆ ಕಾಯಿಲೆಯ ಔಷಧಿ ಮತ್ತು ಗರ್ಭನಿರೋಧಕಗಳಿಂದ ಶುರು. ಆದರೆ ಪ್ರಾಂತ್ಯಗಳು ಒಂದೊಂದಾಗಿ ಸಹಿ ಹಾಕಬೇಕು. 2025ರ ಮಾರ್ಚ್ ಹೊತ್ತಿಗೆ ಹಾಕಿದ್ದು ಮ್ಯಾನಿಟೋಬಾ, ಬ್ರಿಟಿಷ್ ಕೊಲಂಬಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ಯೂಕಾನ್. ಮೆಡಿಕೇರ್ ಹುಟ್ಟಿದ ನಮ್ಮ ಸಸ್ಕ್ಯಾಚುವಾನ್ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರಾಂತ್ಯದ ಆರೋಗ್ಯ ಮಂತ್ರಿಗೆ ಒಂದು ಪತ್ರ ಬರೆದಿದ್ದೇನೆ, ಅಮ್ಮನ ಕಥೆಯನ್ನೂ ಸೇರಿಸಿ. ರೆಜೈನಾ ಮೇಷ್ಟ್ರೇ, ನೀವು ಒಮ್ಮೆ ತಿದ್ದಿ ಕೊಡುತ್ತೀರಾ? ಇಲ್ಲಿನ ಕನ್ನಡದವರು ಹತ್ತು ಹದಿನೈದು ಮನೆಯವರಾದರೂ ಸಹಿ ಹಾಕುತ್ತೇವೆ ಅಂದಿದ್ದಾರೆ.

ರೆಜೈನಾ ಮೇಷ್ಟ್ರು:

ಕಳಿಸಿ. ಇವತ್ತು ರಾತ್ರಿಯೇ ನೋಡುತ್ತೇನೆ. ನನ್ನ ಮತ್ತು ನಮ್ಮ ಮನೆಯವರ ಸಹಿಯನ್ನೂ ಸೇರಿಸಿಕೊಳ್ಳಿ.